ಹೊಟ್ಟೆ ತುಂಬಿದರೂ ಬೆಕ್ಕು ಇಲಿ ಹಿಡಿಯುವುದೇಕೆ?

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಅಂತ ಗಾದೆ ಕಟ್ಟಿದವರು ಇಲಿಯ ಪಾಡನ್ನು ಸರಿಯಾಗಿಯೇ ನೋಡಿದ್ದರು, ಬೆಕ್ಕನ್ನು ಮಾತ್ರ ಸರಿಯಾಗಿ ನೋಡಲಿಲ್ಲ. ಹೊಟ್ಟೆ ತುಂಬಿದ್ದರೂ ಸುಮ್ನೆ ಹಿಂಸೆ ಕೊಡುತ್ತದೆ, ಕ್ರೂರಿ ಎಂದು ಯಾರಾದರೂ ಬೈದರೆ ನನಗೆ ತಡೆಯಲಾಗುವುದಿಲ್ಲ.

ಬೆಕ್ಕಿನ ತಲೆಯಲ್ಲಿ ಹಸಿವಿನ ಸ್ವಿಚ್ಚು ಬೇರೆ, ಬೇಟೆಯ ಸ್ವಿಚ್ಚು ಬೇರೆ. 1976ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಇಷ್ಟದ ಊಟ ತಿನ್ನುತ್ತಿದ್ದ ಬೆಕ್ಕುಗಳಿಗೆ ಇಲಿ ತೋರಿಸಿದರು. ಅವು ಊಟ ಬಿಟ್ಟು ಎದ್ದವು, ಇಲಿಯನ್ನು ಕೊಂದವು, ಅದನ್ನು ಊಟದ ಹತ್ತಿರ ತಂದಿಟ್ಟು ಮತ್ತೆ ಮೊದಲಿನ ಊಟವನ್ನೇ ಮುಂದುವರಿಸಿದವು! ಇದರಲ್ಲಿ ಲೆಕ್ಕವಿದೆ. ಇಲಿ ಸಣ್ಣ ತುತ್ತು, ದಿನಕ್ಕೆ ಹತ್ತಾದರೂ ಬೇಕು, ಎಷ್ಟೋ ಸಲ ಗುರಿ ತಪ್ಪುತ್ತದೆ. ಹಸಿವಾಗಲಿ ಅಂತ ಕಾಯುವುದು ಬಾಯಾರಿದ ಮೇಲೆ ಬಾವಿ ತೋಡಿದ ಹಾಗೆ. ಗಾಳ ಹಾಕಿ ಕೂತವನು ಬುಟ್ಟಿಯಲ್ಲಿ ನಾಲ್ಕು ಮೀನಿದ್ದರೂ ದಾರ ಅಲುಗಿದ ಕೂಡಲೇ ಎಳೆಯುತ್ತಾನೆ, ಅಲ್ವಾ?

ಪ್ರಾಣಿಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ಜರ್ಮನಿಯ ವಿಜ್ಞಾನಿ ಪಾಲ್ ಲೈಹೌಸೆನ್ ಇನ್ನೂ ಮುಂದೆ ಹೋದರು. ಹೊಂಚುವುದು, ಹಾರುವುದು, ಹಿಡಿಯುವುದು, ಕೊಲ್ಲುವುದು, ಹೀಗೆ ಒಂದೊಂದಕ್ಕೂ ತನ್ನದೇ ತುಡಿತವಿದೆ ಎಂದರು. ‘ಚೆಲ್ಲಾಟ’ವನ್ನು ಹತ್ತಿರದಿಂದ ನೋಡಿ. ಬೆಕ್ಕು ಪಂಜದಿಂದ ತಟ್ಟುತ್ತದೆ, ತಕ್ಷಣ ಹಿಂದಕ್ಕೆ ಸರಿಯುತ್ತದೆ, ಮತ್ತೆ ತಟ್ಟುತ್ತದೆ. ಇಲಿಗೂ ಹಲ್ಲಿದೆ, ಮೂತಿಗೆ ಕಚ್ಚಿಸಿಕೊಳ್ಳುವ ಭಯ ಬೆಕ್ಕಿಗೂ ಇದೆ. ಮೂಗಿನ ತುದಿಯಲ್ಲಿರುವುದು ಅದರ ಕಣ್ಣಿಗೆ ಮಸುಕು, ಅದಕ್ಕೇ ಮೀಸೆಗಳನ್ನು ಬಲೆಯಂತೆ ಮುಂದಕ್ಕೆ ಚಾಚಿ ಇಲಿಯ ಕತ್ತನ್ನು ತಡಕುತ್ತದೆ. ಕೋರೆಹಲ್ಲು ಕತ್ತಿನ ಮೂಳೆಗಳ ಸಂದಿಗೇ ಇಳಿಯಬೇಕು.

ಇಂಥ ಪ್ರಾಣಿಗೆ ನಮ್ಮಷ್ಟೇ ಬುದ್ಧಿ ಬಂದಿದ್ದರೆ? ಕಥೆಗಳಲ್ಲಿ ಬರುವ ಬುದ್ಧಿವಂತ ಬೇಟೆಗಾರರೆಲ್ಲ ಹಸಿದ ರಾಕ್ಷಸರು, ಇಲ್ಲವೇ ಗುಂಪು ಕಟ್ಟಿ ನುಗ್ಗುವವರು. ಅದು ತೋಳದ ಬುದ್ಧಿ. ಒಂದು ಇಲಿ ಒಂದೇ ಬಾಯಿಗೆ ಸಾಕಾಗುವಷ್ಟು, ಪಾಲು ಹಂಚುವ ಪ್ರಶ್ನೆಯೇ ಇಲ್ಲ. ಹಾಗಾಗಿ ಬುದ್ಧಿ ಬಂದ ಬೆಕ್ಕುಗಳಿಗೆ ಸೇನೆ, ದಳಪತಿ ಇರುತ್ತಿರಲಿಲ್ಲ ಅನ್ನಿಸುತ್ತದೆ. ಕಾಯುವುದಕ್ಕೆ ಮಾತ್ರ ಹತ್ತಾರು ಪದಗಳಿರುತ್ತಿದ್ದವು. ಕಣಜ ತುಂಬಿದ್ದರೂ ಹುಲ್ಲು ಅಲುಗಿದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಇವತ್ತಿನ ಬೆಕ್ಕುಗಳೂ ಒಂದೇ ದಾರಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸಿ ಜಗಳ ತಪ್ಪಿಸಿಕೊಳ್ಳುತ್ತವೆ, ಹೋಗುವಾಗ ವಾಸನೆಯ ಗುರುತು ಬಿಡುತ್ತವೆ. ಆ ಬುದ್ಧಿವಂತರ ಮೊದಲ ಬರಹವೂ ಬಹುಶಃ ಅದೇ ಆಗಿರುತ್ತಿತ್ತು: ಈ ದಾರಿಯಲ್ಲಿ ಯಾರು ಹೋದರು, ಹೋಗಿ ಎಷ್ಟು ಹೊತ್ತಾಯಿತು.