ಪದ ಪರಿಚಯ: ಮೋಟಿವೇಷನಲ್ ಥೆರಪಿ

ಮೋಟಿವೇಷನಲ್ ಅಂದ ಕೂಡಲೇ ವೇದಿಕೆ ಮೇಲಿನ ಹುರುಪಿನ ಭಾಷಣ ನೆನಪಾಗುತ್ತದೆ, ಅಲ್ವಾ? ಚಟ ಬಿಡಲು ಮಾತುಕತೆಯಿಂದಲೇ ನೆರವಾಗುವ ಈ ಥೆರಪಿಯಲ್ಲಿ ಭಾಷಣವೇ ಇಲ್ಲ. ಜಾಸ್ತಿ ಮಾತಾಡುವವರು ಚಟ ಇರುವವರು, ಕೇಳಿಸಿಕೊಳ್ಳುವವರು ಆಪ್ತಸಮಾಲೋಚಕರು. ಯಾಕೆ ಬಿಡಬೇಕು ಅನ್ನುವ ಕಾರಣ ಚಟ ಇರುವವರ ಬಾಯಿಂದಲೇ ಬರಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಚಟದ ಬಗ್ಗೆ ಬರೆಯುತ್ತಾ ಈ ದಾರಿ ತೋರಿಸಿದರು. ಆಮೇಲೆ ಅದು ತಂಬಾಕಿಗೂ ಬಂತು.

ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಿಜ ಅಂತ ನಂಬಿಸುವ ಮಾನಸಿಕ ಕಾಯಿಲೆ ಇರುವವರಲ್ಲಿ ತಂಬಾಕಿನ ಚಟ ಉಳಿದವರಿಗಿಂತ ತುಂಬಾ ಜಾಸ್ತಿ. ಹೃದಯ, ಶ್ವಾಸಕೋಶ ಕೆಟ್ಟು ಬೇಗ ಸಾಯುವವರೂ ಅವರಲ್ಲಿ ಜಾಸ್ತಿ. ಆದರೂ "ಪಾಪ, ಅವನಿಗಿರೋ ಸುಖ ಅದೊಂದೇ" ಎಂದು ಮನೆಯವರು ಸುಮ್ಮನಾಗುತ್ತಾರೆ. ಬಂದವರಿಗೆಲ್ಲ ಎಲೆ-ಅಡಿಕೆ, ತಂಬಾಕಿನ ಕವಳದ ತಟ್ಟೆ ಮುಂದಿಡುವ ನಮ್ಮ ಮಲೆನಾಡಿನಲ್ಲಿ ಹಾಗೆ ಸುಮ್ಮನಾಗುವುದು ಇನ್ನೂ ಸುಲಭ. ಹೊಸನಗರದ ಕಡೆ ಇರುವ ನಮ್ಮ ಮಾವನಿಗೂ ಈ ಕಾಯಿಲೆ ಇದೆ, ಬೀಡಿಯ ಚಟವೂ ಇದೆ; ಅವರ ವಿಷಯದಲ್ಲಿ ನಾವೂ ಅದೇ ತಪ್ಪು ಮಾಡಿದೆವು.

ಥೆರಪಿಯ ಮೊದಲ ದಿನ ಸಮಾಲೋಚಕಿ ಬೈಯಲಿಲ್ಲ, ಹೆದರಿಸಲಿಲ್ಲ.

"ಬೀಡಿಯಿಂದ ನಿಮಗೇನು ಅನುಕೂಲ?"

"ತಲೆ ಸ್ವಲ್ಪ ಹಗುರ ಆಗುತ್ತೆ."

"ಬೇಡ ಅನ್ನಿಸಿದ್ದು ಇದೆಯಾ?"

ಮಾವ ತುಂಬಾ ಹೊತ್ತು ನೆಲ ನೋಡಿದರು. "ಸೊಪ್ಪಿನ ಬೆಟ್ಟ ಹತ್ತಕ್ಕಾಗಲ್ಲ. ಏದುಸಿರು."

"ಬೆಟ್ಟಕ್ಕೆ ಹೋಗೋ ಆಸೆ ಇನ್ನೂ ಇದೆ."

"ಇದೆ."

ಬಿಡುವ ಮನಸ್ಸು ಹತ್ತಕ್ಕೆ ಎಷ್ಟು ಎಂದು ಕೇಳಿದಾಗ ಮಾವ ಮೂರು ಅಂದರು. ನಾನಾಗಿದ್ದರೆ "ಅಷ್ಟೇನಾ?" ಅಂತಿದ್ದೆ. ಆಕೆ ಕೇಳಿದ್ದು "ಸೊನ್ನೆ ಯಾಕಲ್ಲ?" ಅಂತ. ಈ ಥೆರಪಿಯ ಜೀವ ಇರುವುದು ಆ ಪ್ರಶ್ನೆಯಲ್ಲಿ. ಅದಕ್ಕೆ ಉತ್ತರ ಹುಡುಕುತ್ತಾ ಮಾವ ತಾವೇ ಬೀಡಿ ಬಿಡುವ ಪರವಾಗಿ ಮಾತಾಡಿದರು!

ಸ್ಕಿಜೋಫ್ರೇನಿಯಾದಲ್ಲಿ ಗಮನ ಬೇಗ ಜಾರುತ್ತದೆ, ಉತ್ಸಾಹವೂ ಬತ್ತುತ್ತದೆ. ಅದು ಸೋಮಾರಿತನವಲ್ಲ. ಅದಕ್ಕೇ ಮಾತುಕತೆ ಚಿಕ್ಕದಾಗಿರಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ ಸಾಕು, ಹೇಳಿದ್ದನ್ನೇ ಮತ್ತೆ ಹೇಳಬೇಕಾದೀತು. ಬೀಡಿಯ ಚಪಲ ತಗ್ಗಿಸುವ, ಅಗಿಯುವ ನಿಕೋಟಿನ್ ಗಮ್‌ನಂಥ ಔಷಧಿಯೂ ಜೊತೆಗಿದ್ದರೆ ಒಳ್ಳೆಯದು.

ಒಂದು ಎಚ್ಚರಿಕೆ. ಬೀಡಿ, ಸಿಗರೇಟಿನ ಹೊಗೆಯಿಂದ ಈ ಕಾಯಿಲೆಗೆ ಕೊಡುವ ಕ್ಲೋಜಪಿನ್, ಓಲಾಂಜಪಿನ್ ಮಾತ್ರೆಗಳನ್ನು ಲಿವರ್ ಬೇಗ ಖಾಲಿ ಮಾಡುತ್ತದೆ. ಸೇದುವುದು ನಿಂತರೆ ಅದೇ ಡೋಸ್ ತಗೊಂಡರೂ ರಕ್ತದಲ್ಲಿ ಔಷಧಿಯ ಪ್ರಮಾಣ ಏರುತ್ತದೆ, ಮಂಪರು ಹೆಚ್ಚುತ್ತದೆ. ಇದು ಹೊಗೆಯ ಕೆಲಸ, ನಿಕೋಟಿನ್‌ನದ್ದಲ್ಲ. ಹಾಗಾಗಿ ಬಿಡುವ ಮೊದಲೇ ಡಾಕ್ಟರಿಗೆ ಹೇಳಿ. ಡೋಸ್ ಅವರೇ ಸರಿಮಾಡುತ್ತಾರೆ, ನೀವಾಗಿ ಮಾತ್ರೆ ನಿಲ್ಲಿಸಬೇಡಿ.

ಮಾವ ಈಗ ಬೆಳಗಿನ ಮೊದಲ ಬೀಡಿಯನ್ನು ತಿಂಡಿ ಆದಮೇಲೆ ಎಂದು ಮುಂದೂಡಿದ್ದಾರೆ. ಎರಡು ವಾರ ಆಯಿತು.