ದೂರಿನ ಭಾಷೆ

ಕಾಸರಗೋಡಿನಲ್ಲಿ ವಕೀಲಿ ಮಾಡುವ ನನ್ನ ಬಳಿಗೆ ಕೆಲಸದ ಜಾಗದ ತೊಂದರೆ ಹೇಳಿಕೊಳ್ಳಲು ಬರುವ ಹೆಂಗಸರಲ್ಲಿ ಹೆಚ್ಚಿನವರು ಮೊದಲ ಭೇಟಿಯಲ್ಲಿ ಆಡುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: "ಹೇಳುವಂಥದ್ದು ಎಂತದೂ ಇಲ್ಲ ಮೇಡಂ, ಆದರೆ ಅಲ್ಲಿಗೆ ಹೋಗಲಿಕ್ಕೇ ಮನಸ್ಸಿಲ್ಲ." ಈ ಎರಡು ತುಂಡುಗಳ ನಡುವೆ ಇರುವುದನ್ನು ಹೊರತೆಗೆಯುವುದೇ ನನ್ನ ಕೆಲಸದ ಮೊದಲ ಅರ್ಧ. ದೂರು ಸೋಲುವುದು ಬಹಳ ಸಲ ಸುಳ್ಳಾದ ಕಾರಣಕ್ಕಲ್ಲ, ನಡೆದದ್ದನ್ನು ನಡೆದ ಹಾಗೆ ಬರೆಯದ ಕಾರಣಕ್ಕೆ. ನಮ್ಮ ಗಡಿನಾಡಿನಲ್ಲಿ ಅದಕ್ಕೆ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ: ಮನಸ್ಸಿಗೆ ನೋವಾಗುವುದು ಕನ್ನಡದಲ್ಲಿ ಅಥವಾ ತುಳುವಿನಲ್ಲಿ, ಕಡತ ತಯಾರಾಗುವುದು ಮಲಯಾಳದಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ; ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಖಾಸಗಿ ಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದ ಹೆಂಗಸೊಬ್ಬರು "ಮೇಲ್ವಿಚಾರಕರು ದಿನಾ ಪೀಡಿಸುತ್ತಾರೆ" ಎಂದು ಕನ್ನಡದಲ್ಲಿ ದೂರು ಬರೆದುಕೊಟ್ಟರು. ಅದನ್ನು ಮಲಯಾಳಕ್ಕೆ ತಂದವರು ಅದೇ ಪದವನ್ನು ಹಾಗೆಯೇ ಉಳಿಸಿಕೊಂಡರು. ಕನ್ನಡದಲ್ಲಿ ಪೀಡಿಸುವುದೆಂದರೆ ಬೆನ್ನು ಬಿಡದೆ ಕಾಡುವುದು. ಮಗು ಮಿಠಾಯಿಗಾಗಿ ತಾಯಿಯನ್ನು ಪೀಡಿಸುವುದೂ ಉಂಟು. ಮಲಯಾಳದ ಪತ್ರಿಕೆಗಳಲ್ಲಿ 'ಪೀಡನಂ' ಎಂಬುದು ಹೆಚ್ಚಾಗಿ ಅತ್ಯಾಚಾರಕ್ಕೆ ಅಥವಾ ಗಂಭೀರವಾದ ಲೈಂಗಿಕ ದೌರ್ಜನ್ಯಕ್ಕೆ ಬಳಕೆಯಾಗುವ ಪದ. ವಿಚಾರಣೆಯಲ್ಲಿ ಆ ಅರ್ಥದಲ್ಲಿಯೇ ಪ್ರಶ್ನೆ ಬಂದಾಗ ಅವರು ಗಾಬರಿಯಾಗಿ "ಇಲ್ಲ, ಹಾಗೆಲ್ಲ ಆಗಲಿಲ್ಲ" ಎಂದರು. ಎದುರು ಪಕ್ಷಕ್ಕೆ ಅಷ್ಟೇ ಸಾಕಾಯಿತು. ದೂರುದಾರರೇ ಮಾತು ಬದಲಿಸಿದ್ದಾರೆ ಎಂಬ ವಾದ ಹುಟ್ಟಿಕೊಂಡಿತು. ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ. ಲೈಂಗಿಕ ಕಿರುಕುಳವೆಂದು ಬರೆದದ್ದು ಬರಿಯ 'ಶಲ್ಯಂ' ಆಗಿ, ಅಂದರೆ ಉಪದ್ರವವಾಗಿ, ತೂಕ ಕಳೆದುಕೊಳ್ಳುತ್ತದೆ.

ಆ ದಿನದಿಂದ ನಾನು ಕಿರುಕುಳ, ಪೀಡನೆ, ಹಿಂಸೆ, ಅಸಭ್ಯ ವರ್ತನೆ ಮುಂತಾದ ಪದಗಳನ್ನು ದೂರಿನ ಮೊದಲ ಕರಡಿನಲ್ಲಿ ಬಳಸಲು ಬಿಡುವುದಿಲ್ಲ. ಅವು ನಾವು ಕೊಡುವ ತೀರ್ಪುಗಳೇ ಹೊರತು ಘಟನೆಗಳಲ್ಲ. "ಮಧ್ಯಾಹ್ನ ಊಟದ ನಂತರ ಗೋದಾಮಿನಲ್ಲಿ ನಾನು ಒಬ್ಬಳೇ ಲೆಕ್ಕ ಮಾಡುತ್ತಿದ್ದಾಗ ಬಾಗಿಲಿಗೆ ಅಡ್ಡ ನಿಂತು, ಗಂಡ ಗಲ್ಫಿನಲ್ಲಿರುವಾಗ ರಾತ್ರಿ ಹೇಗೆ ಕಳೆಯುತ್ತೀ ಎಂದು ಕೇಳಿದರು" ಎಂಬ ವಾಕ್ಯವನ್ನು ಯಾವ ಭಾಷೆಗೆ ಹಾಕಿದರೂ ಅದರ ಅರ್ಥ ಜಾರುವುದಿಲ್ಲ. ಕಾಡಿದವರು ಆಡಿದ ಮಾತು ತುಳುವಾದರೆ ತುಳುವಿನಲ್ಲಿಯೇ, ಬ್ಯಾರಿಯಾದರೆ ಬ್ಯಾರಿಯಲ್ಲಿಯೇ ಕನ್ನಡ ಅಕ್ಷರದಲ್ಲಿ ಬರೆದು, ಕೆಳಗೆ ಅರ್ಥ ಕೊಡಬೇಕು. ಬರೆಯಲು ನಾಚಿಕೆಯಾಗುವ ಮಾತೇ ಸಾಮಾನ್ಯವಾಗಿ ದೂರಿನ ಜೀವಾಳವಾಗಿರುತ್ತದೆ.

ಯಾವುದು ಕಿರುಕುಳ, ಯಾವುದು ಅಲ್ಲ ಎಂಬ ಗೊಂದಲ ಎಲ್ಲರಲ್ಲಿಯೂ ಇದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಾಗುವ ಲೈಂಗಿಕ ಕಿರುಕುಳದ ಕುರಿತ 2013ರ ಕಾಯ್ದೆ, ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನ ಜಾಡಿನಲ್ಲಿಯೇ ಬಂದದ್ದು, ಮೈಮುಟ್ಟುವುದನ್ನು ಮಾತ್ರ ಹೇಳುವುದಿಲ್ಲ. ಲೈಂಗಿಕ ಬಯಕೆಯನ್ನು ಮುಂದಿಡುವುದು, ಆ ಧಾಟಿಯ ಮಾತು, ಅಶ್ಲೀಲ ಚಿತ್ರ ತೋರಿಸುವುದು, ಒಲ್ಲದ ಮಾತು ಅಥವಾ ಸನ್ನೆ, ಎಲ್ಲವೂ ಅದರೊಳಗೆ ಬರುತ್ತವೆ. ಇಲ್ಲಿ ಮುಖ್ಯವಾದದ್ದು ಮಾಡಿದವರ ಉದ್ದೇಶವಲ್ಲ, ಅದು ಆಕೆಗೆ ಬೇಡವಾಗಿತ್ತೇ ಎಂಬುದು. "ತಮಾಷೆಗೆ ಹೇಳಿದ್ದು, ಮನೆಯ ಮಗಳ ಹಾಗೆ" ಎಂಬ ಸಮಜಾಯಿಷಿಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒಲ್ಲೆನೆಂದ ಮೇಲೆ ನಡೆಯುವ ಸೇಡನ್ನೂ ಗಮನಿಸಬೇಕು: ಇದ್ದಕ್ಕಿದ್ದಂತೆ ಪಾಳಿ ಬದಲಾಗುತ್ತದೆ, ರಜೆ ಸಿಗುವುದಿಲ್ಲ, ಎಲ್ಲರೆದುರು ಕೆಲಸದಲ್ಲಿ ತಪ್ಪು ಹುಡುಕಲಾಗುತ್ತದೆ. ಕೆಲಸ ಹೋದೀತೆಂಬ ಬೆದರಿಕೆ, ಉಸಿರುಗಟ್ಟಿಸುವ ವಾತಾವರಣ, ಆರೋಗ್ಯ ಕೆಡಿಸುವಂಥ ಅವಮಾನ ಇವೆಲ್ಲ ಲೈಂಗಿಕ ವರ್ತನೆಯೊಂದಿಗೆ ಕೂಡಿಕೊಂಡಾಗ ಅದೇ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ.

ಆ ನಂಟು ಇಲ್ಲದ ಅನ್ಯಾಯಕ್ಕೆ ದಾರಿ ಬೇರೆ. ಧಣಿ ಬಾಯಿಬಡುಕನಾಗಿರುವುದು, ತಪ್ಪು ಲೆಕ್ಕಕ್ಕೆ ಗದರುವುದು ಲೈಂಗಿಕ ಕಿರುಕುಳವಲ್ಲ. ಅದನ್ನು ಹಾಗೆ ಬರೆದರೆ ನಿಜವಾದ ದೂರಿನ ಮರ್ಯಾದೆಯೂ ಹೋಗುತ್ತದೆ. ಸಂಬಳ ತಡೆಹಿಡಿದರೆ ಕಾರ್ಮಿಕ ಇಲಾಖೆಗೆ ಹೋಗಬೇಕು. ಜವುಳಿ ಅಂಗಡಿಯಲ್ಲಿ ಹತ್ತು ಗಂಟೆ ನಿಲ್ಲಿಸಿಯೇ ದುಡಿಸಿದರೆ, ಕುಳಿತುಕೊಳ್ಳುವ ಸೌಕರ್ಯ ಕೊಡಬೇಕೆಂದು ಕೇರಳ 2018ರಲ್ಲಿ ಅಂಗಡಿ ಮುಂಗಟ್ಟುಗಳ ಕಾಯ್ದೆಗೆ ತಿದ್ದುಪಡಿ ತಂದಿದೆಯೆಂದು ನೆನಪಿಸಬಹುದು. ಅದು ಸರಕಾರ ತಾನಾಗಿ ಕೊಟ್ಟದ್ದಲ್ಲ. ಕೋಝಿಕ್ಕೋಡಿನಿಂದ ಶುರುವಾದ ಅಂಗಡಿ ಹೆಂಗಸರ ಹೋರಾಟದ ಫಲ. ಗಂಡಸರ ಮೇಲೆ ನಡೆಯುವ ಕಿರುಕುಳಕ್ಕೆ 2013ರ ಕಾಯ್ದೆಯಲ್ಲಿ ಜಾಗವಿಲ್ಲ, ಬೆದರಿಕೆ ಅಥವಾ ಹಲ್ಲೆಯಾಗಿದ್ದರೆ ಪೊಲೀಸ್ ದೂರು ಕೊಡಬಹುದು.

ಇನ್ನು 2013ರ ಕಾಯ್ದೆಯಡಿ ದೂರು ಕೊಡುವ ಅವಧಿಯ ಮಾತು. ಘಟನೆಯಾದ ಮೂರು ತಿಂಗಳೊಳಗೆ, ಸರಣಿಯಾಗಿ ನಡೆದಿದ್ದರೆ ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಡವಾಗಲು ತಕ್ಕ ಕಾರಣವಿದ್ದರೆ ದೂರು ವಿಚಾರಿಸುವ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ನಮ್ಮ ಕಡೆ ಈ ತಿಂಗಳುಗಳು ಕಳೆದುಹೋಗುವುದು ಹಿರಿಯರ ಮಾತುಕತೆಯಲ್ಲಿ. ಊರಿನ ಜಾತ್ರೆ ಮುಗಿಯಲಿ, ತಂಗಿಯ ಮದುವೆ ಮುಗಿಯಲಿ, ಮತ್ತೆ ನೋಡೋಣ ಎನ್ನುತ್ತಾರೆ. ರಾಜಿಗೆ ಕಾಯ್ದೆಯೂ ಎಡೆ ಇಟ್ಟಿದೆ ನಿಜ, ಆದರೆ ಅದು ಆಕೆಯೇ ಕೇಳಿಕೊಂಡರೆ ಮಾತ್ರ, ಹಣದ ಆಧಾರದಲ್ಲಿ ಅಲ್ಲ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಹತ್ತಕ್ಕಿಂತ ಕಡಿಮೆ ಮಂದಿ ಇದ್ದರೆ, ಅಥವಾ ದೂರು ಧಣಿಯ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮನೆಗೆಲಸದವರಿಗೂ ಅದೇ ದಾರಿ. ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಾಗಿಲ್ಲ. ತಾಲೂಕಿಗೊಬ್ಬರಂತೆ ನೋಡಲ್ ಅಧಿಕಾರಿ ಇದ್ದು, ಅವರು ಪಡೆದ ದೂರನ್ನು ಏಳು ದಿನಗಳೊಳಗೆ ಸಮಿತಿಗೆ ಕಳುಹಿಸಬೇಕು.

ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಬೆಳಗಿನ ರೈಲು ಹತ್ತಿ ಮಂಗಳೂರಿಗೆ ಹೋಗುವ ದಾದಿಯರು, ಅಂಗಡಿ ಹುಡುಗಿಯರು ಇಲ್ಲಿಯೇ ಎಡವುತ್ತಾರೆ. ಮನೆ ಇರುವುದು ಕಾಸರಗೋಡು ಜಿಲ್ಲೆಯಲ್ಲಿ ಎಂಬ ಕಾರಣಕ್ಕೆ ಇಲ್ಲಿನ ಸಮಿತಿಗೆ ಅರ್ಜಿ ಕೊಟ್ಟು, ಅದು ಹಿಂದೆ ಬರುವಷ್ಟರಲ್ಲಿ ಒಂದು ತಿಂಗಳು ಹೋಗಿರುತ್ತದೆ. ಕೆಲಸದ ಜಾಗ ರಾಜ್ಯದ ಗಡಿಯಾದ ತಲಪಾಡಿಯ ಆಚೆ ಇದ್ದರೆ ಅಲ್ಲಿನ ಆಂತರಿಕ ಸಮಿತಿಗೆ, ಅದಿಲ್ಲದ ಸಣ್ಣ ಅಂಗಡಿಯಾದರೆ ದಕ್ಷಿಣ ಕನ್ನಡದ ಸ್ಥಳೀಯ ಸಮಿತಿಗೆ ದೂರು ಹೋಗಬೇಕು. ಪೊಲೀಸ್ ದೂರಿಗೆ ಈ ಗಡಿ ಅಡ್ಡವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಲೈಂಗಿಕ ಕಿರುಕುಳವನ್ನೂ 78ನೇ ಕಲಂ ಹಿಂಬಾಲಿಸಿ ಕಾಡುವುದನ್ನೂ ಅಪರಾಧವೆನ್ನುತ್ತವೆ. ಘಟನೆ ಮಂಗಳೂರಿನಲ್ಲಿ ನಡೆದಿದ್ದರೂ ಮಂಜೇಶ್ವರ ಠಾಣೆಯಲ್ಲಿ 'ಝೀರೋ ಎಫ್‌ಐಆರ್' ಕೊಡಬಹುದು. ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಸಹಿ ಹಾಕುವ ಮೊದಲು ಅದನ್ನು ಓದಿ ಹೇಳಬೇಕೆಂಬುದು ಕಾನೂನು. ಮಲಯಾಳದಲ್ಲಿ ಬರೆದಿದ್ದರೆ ಕನ್ನಡದಲ್ಲಿ ಬಿಡಿಸಿ ಹೇಳಿ ಎಂದು ಸಂಕೋಚವಿಲ್ಲದೆ ಕೇಳಿ. ಎಫ್‌ಐಆರ್ ಪ್ರತಿ ಉಚಿತ.

ಸರಕಾರಿ ಅಧಿಕಾರಿಗಳಿಗೆ ಕನ್ನಡದಲ್ಲಿಯೇ ದೂರು ಬರೆಯುವುದು ಯಾರೂ ಮಾಡುವ ಉಪಕಾರವಲ್ಲ. ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಖಾಸಗಿ ಸಂಸ್ಥೆಯ ಸಮಿತಿಗೆ ಈ ವಿಧಿಯನ್ನು ತೋರಿಸಿ ಒತ್ತಾಯಿಸಲಾಗದು. ಆದರೆ ಬರೆಯಲಾಗದವರಿಗೆ ದೂರನ್ನು ಲಿಖಿತವಾಗಿ ಸಿದ್ಧಪಡಿಸಲು ನೆರವಾಗುವುದು ಸಮಿತಿಯದೇ ಹೊಣೆಯೆಂದು 2013ರ ಕಾಯ್ದೆ ಹೇಳುತ್ತದೆ. ನಾನು ಕನ್ನಡದ ಮೂಲಪ್ರತಿ ಮತ್ತು ಅನುವಾದ ಎರಡನ್ನೂ ಜೊತೆಯಾಗಿ ಕೊಡಿಸುತ್ತೇನೆ, ಕನ್ನಡದ್ದೇ ಮೂಲವೆಂದು ಮೇಲೆ ಬರೆಸುತ್ತೇನೆ. ಹೇಳಬೇಕಾದ ಇನ್ನೊಂದು ಮಾತು: ಸಮಿತಿಯ ವಿಚಾರಣೆಯೊಳಗೆ ಯಾವ ಪಕ್ಷಕ್ಕೂ ವಕೀಲರನ್ನು ಕರೆತರಲು ಅವಕಾಶವಿಲ್ಲ. ನಮ್ಮ ವೃತ್ತಿಗೆ ಇದರಿಂದ ನಷ್ಟವೇ ಇರಬಹುದು, ಆದರೆ ದೂರಿನ ಕಾಗದವೇ ಆಕೆಯ ವಕೀಲನಾಗಿ ಮಾತನಾಡಬೇಕಾಗುವುದು ಈ ಕಾರಣಕ್ಕೆ. ಅದನ್ನು ಬರೆಸಲು ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಸಿಗುತ್ತದೆ, 15100ಕ್ಕೆ ಕರೆ ಮಾಡಿದರೆ ಸಾಕು.

ವಿಚಾರಣೆ 90 ದಿನಗಳೊಳಗೆ ಮುಗಿಯಬೇಕು. ಅಷ್ಟು ದಿನ ಅದೇ ಮುಖ ನೋಡಿಕೊಂಡು ದುಡಿಯುವುದು ಹೇಗೆಂದು ಕೇಳುವವರಿಗೆ ನಾನು ಮಧ್ಯಂತರ ಪರಿಹಾರದ ಕುರಿತು ಹೇಳುತ್ತೇನೆ. ಯಾರಾದರೊಬ್ಬರನ್ನು ಬೇರೆಡೆಗೆ ವರ್ಗಾಯಿಸುವುದನ್ನು, ಇಲ್ಲವೇ ಮೂರು ತಿಂಗಳವರೆಗಿನ ರಜೆಯನ್ನು ಬರವಣಿಗೆಯಲ್ಲಿ ಕೇಳಬಹುದು. ದೂರು ರುಜುವಾತಾಗದಿದ್ದರೆ ತಮಗೇ ಶಿಕ್ಷೆಯಾಗುತ್ತದೆಂಬ ಹೆದರಿಕೆಯನ್ನು ಕೆಲವು ಕಡೆ ಬೇಕೆಂದೇ ಹರಡುತ್ತಾರೆ. ಸಾಕ್ಷ್ಯ ಸಾಲದೆ ಹೋದ ಮಾತ್ರಕ್ಕೆ ದೂರು ಕೊಟ್ಟವರ ಮೇಲೆ ಕ್ರಮವಿಲ್ಲ. ಗೊತ್ತಿದ್ದೇ ಸುಳ್ಳು ಹೇಳಿದ್ದೆಂದು ಸಾಬೀತಾದರೆ ಮಾತ್ರ ಉಂಟು.

ಸಾಕ್ಷ್ಯವೆಂದರೆ ಕ್ಯಾಮೆರಾ ಎಂದು ನಂಬಿದವರೇ ಹೆಚ್ಚು. ವಾಟ್ಸ್ಆ್ಯಪ್ ಸಂದೇಶಗಳನ್ನು ಅಸಹ್ಯವೆಂದು ಅಳಿಸಬಾರದು, ಸ್ಕ್ರೀನ್‌ಶಾಟ್ ತೆಗೆದ ಮೇಲೆಯೂ ಆ ಮೊಬೈಲನ್ನು ಮಾರಬಾರದು. ಮೊಬೈಲಿನಲ್ಲಿ ಏನೂ ಇಲ್ಲದವರಿಗೆ ಉಳಿಯುವುದು ಅಂದಂದೇ ಮಾಡಿಟ್ಟ ಟಿಪ್ಪಣಿ. ನನ್ನ ಬಳಿಗೆ ಬಂದಿದ್ದ ಒಬ್ಬರು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಮತ್ತು ಅಡಿಕೆ ಸುಲಿಯುವವರ ಲೆಕ್ಕದ ಪಕ್ಕದಲ್ಲಿ, ಮೇಲ್ವಿಚಾರಕ ಅತಿಕ್ರಮಿಸಿದ ದಿನಗಳಿಗೆ ಒಂದು ಸಣ್ಣ ಗೀಟು ಎಳೆದು ಹೊತ್ತು ಬರೆದಿಟ್ಟಿದ್ದರು. ಮೇ ತಿಂಗಳಲ್ಲಿ ದೂರು ಕೊಟ್ಟು, ಜೂನಿನಲ್ಲಿ ವಿಚಾರಣೆಗೆ ಕರೆ ಬಂದಾಗ ಫೆಬ್ರವರಿ, ಮಾರ್ಚ್ ಹಾಳೆಗಳು ಗೋಡೆಯಲ್ಲಿ ಇರಲಿಲ್ಲ. ಶಾಲೆ ಶುರುವಾಗಿತ್ತು, ಅತ್ತೆ ಅವುಗಳನ್ನು ಹರಿದು ಮೊಮ್ಮಗನ ಪುಸ್ತಕಗಳಿಗೆ ಬೈಂಡ್ ಹಾಕಿಬಿಟ್ಟಿದ್ದರು. ಗಣಿತದ ಪುಸ್ತಕದ ಬೈಂಡ್ ಬಿಚ್ಚಿದಾಗ ಮಾರ್ಚ್ ಹಾಳೆಯ ಗೀಟುಗಳು ಮಡಿಕೆಗಳ ನಡುವೆ ಹಾಗೆಯೇ ಇದ್ದವು. ಅದನ್ನು ಅವರು ಸಮಿತಿಯ ಮುಂದಿಟ್ಟರು. ಸಮಿತಿ ಹಾಜರಿ ಪುಸ್ತಕ ತರಿಸಿ ನೋಡಿದಾಗ ಗೀಟು ಎಳೆದಿದ್ದ ಅಷ್ಟೂ ದಿನ ಸಂಜೆಯ ಪಾಳಿಯಲ್ಲಿ ಅವರಿಬ್ಬರದೇ ಸಹಿ ಇತ್ತು.