ಟಿ10 ಅನ್ನುವುದು ಹೋಲ್ಡರಿನ ಹೆಸರಲ್ಲ

‘ಟಿ10 ಹೋಲ್ಡರಿಗೆ ಟಿ10 ಎಲ್‌ಇಡಿಯನ್ನೇ ಹಾಕಿದ್ದೀನಿ, ಆದರೂ ಅಲ್ಲಾಡುತ್ತೆ, ಹೋಲ್ಡರೇ ಹಾಳಾಗಿದೆ.’ ಕಾರಿನ ಪಾರ್ಕಿಂಗ್ ಲೈಟು ಬದಲಿಸಿದವರ ಬಾಯಲ್ಲಿ ಈ ಮಾತು ಎಷ್ಟು ಸಲ ಕೇಳಬೇಕು? ಟಿ10 ಹೇಳುವುದು ಬಲ್ಬಿನ ಹೊಟ್ಟೆಯ ಅಳತೆ. ಹೋಲ್ಡರಿಗೆ ಬೇಕಾದದ್ದು ಬುಡದ ಅಳತೆ.

‘ಟಿ’ ಅಂದರೆ ಟ್ಯೂಬ್ಯುಲರ್, ಕೊಳವೆಯಂಥ ಗಾಜು. ಪಕ್ಕದ ಅಂಕಿ ಆ ಗಾಜಿನ ಅಡ್ಡಳತೆ. ಮನೆಯ ಟಿ8 ಟ್ಯೂಬ್‌ಲೈಟಿನಲ್ಲಿ ಈ ಅಂಕಿಯನ್ನು ಇಂಚಿನ ಎಂಟನೇ ಒಂದು ಪಾಲಿನಲ್ಲಿ ಎಣಿಸುತ್ತಾರೆ. ಎಂಟು ಪಾಲು ಸೇರಿ ಒಂದು ಇಂಚು. ಅದೇ ಲೆಕ್ಕ ಕಾರಿಗೂ ಹಚ್ಚಿದರೆ ಟಿ10 ಬಲ್ಬು ಸುಮಾರು 32 ಮಿ.ಮೀ. ದಪ್ಪ ಇರಬೇಕಿತ್ತು! ಕಾರಿನ ಟಿ10ರಲ್ಲಿ 10 ಅಂದರೆ ಮಿಲಿಮೀಟರ್. ವ್ಯಾಟಂತೂ ಖಂಡಿತ ಅಲ್ಲ. ಪಾರ್ಕಿಂಗ್ ಲೈಟಿನ ಫಿಲಮೆಂಟ್ ಬಲ್ಬು 5 ವ್ಯಾಟಿನದು, ಅದರ ಹೆಸರೇ ಡಬ್ಲ್ಯೂ5ಡಬ್ಲ್ಯೂ: ಮೊದಲನೆಯದು ವೆಡ್ಜ್ (ನೇರವಾಗಿ ಒತ್ತಿ ಕೂರಿಸುವ ಚಪ್ಪಟೆ ಬುಡ), ಕೊನೆಯದು ವ್ಯಾಟ್.

ಬುಡದ ಹೆಸರು ಬೇರೆಯೇ ಇದೆ: ಡಬ್ಲ್ಯೂ2.1×9.5ಡಿ. ಅಂದರೆ 2.1 ಮಿ.ಮೀ. ದಪ್ಪ, 9.5 ಮಿ.ಮೀ. ಅಗಲ, ಎರಡು ಕಾಂಟ್ಯಾಕ್ಟ್. ಟಿ15 ಎಂದು ಮಾರುವ 16 ವ್ಯಾಟಿನ ಬಲ್ಬಿಗೂ ಇದೇ ಬುಡ. ಹಾಗಾಗಿ ಅದು ಈ ಹೋಲ್ಡರಿನಲ್ಲಿ ಸಲೀಸಾಗಿ ಕೂರುತ್ತದೆ, 5 ವ್ಯಾಟಿಗೆಂದು ಮಾಡಿದ ಪ್ಲಾಸ್ಟಿಕ್ಕನ್ನು ಕರಗಿಸಿಯೂ ಬಿಡಬಹುದು. ಇನ್ನು ಎಲ್‌ಇಡಿಗೆ ಗಾಜಿನ ಹೊಟ್ಟೆಯೇ ಇಲ್ಲ. ಡಬ್ಬಿಯ ಮೇಲಿನ ‘ಟಿ10’ ಓದಿ ಬುಡದ ದಪ್ಪ ಸರಿಯಿದೆ ಎಂದು ನಂಬುವುದು ಹೇಗೆ?

ವೆಡ್ಜ್ ಎಂದರೆ ನಮ್ಮ ಬೆಣೆ. ಗುದ್ದಲಿಯ ಕಾವು ಸಡಿಲವಾದರೆ ಬೆಣೆ ಹೊಡೆಯುತ್ತೇವಲ್ಲ, ಇಲ್ಲಿಯೂ ಹಿಡಿತವೆಲ್ಲ ದಪ್ಪದ್ದೇ. ಫಿಲಮೆಂಟ್ ಬಲ್ಬಿನ ಗಾಜಿನ ಬುಡ ಹೋಲ್ಡರಿನ ತಾಮ್ರದ ಪಟ್ಟಿಗಳನ್ನು ಅಗಲಿಸಿಕೊಂಡು ಕೂರುತ್ತದೆ. ಅಗ್ಗದ ಎಲ್‌ಇಡಿಗಳಲ್ಲಿ ಕೆಲವಕ್ಕೆ ಬುಡವಾಗಿ ಇರುವುದು ಬರೀ ಸರ್ಕ್ಯೂಟ್ ಬೋರ್ಡಿನ ತುದಿ. ಬೋರ್ಡಿನ ಸಾಮಾನ್ಯ ದಪ್ಪ 1.6 ಮಿ.ಮೀ. ಆ ಅರ್ಧ ಮಿಲಿಮೀಟರ್ ಕೊರತೆಯೇ ರಸ್ತೆಯ ಹಳ್ಳದಲ್ಲಿ ಲೈಟು ಮಿಣುಕುವುದಕ್ಕೆ ಕಾರಣ. ಕೊಳ್ಳುವಾಗಲೇ ದಪ್ಪ ಅಳೆಯುವ ವರ್ನಿಯರ್ ಹಿಡಿದು ಬುಡವನ್ನು ನೋಡಿ.

ಕೊಂಡಾಗಿದ್ದರೆ, ಲೈಟು ಆರಿಸಿ ಹೋಲ್ಡರನ್ನು ಕಾಲು ಸುತ್ತು ತಿರುಗಿಸಿ ಹೊರತೆಗೆಯಿರಿ. ಬಲ್ಬನ್ನು ನೇರವಾಗಿ ಎಳೆಯಿರಿ, ತಿರುಚಬೇಡಿ. ಸಣ್ಣ ಚಿಮಟದಿಂದ ಎರಡೂ ಕಡೆಯ ಪಟ್ಟಿಗಳನ್ನು ಕೂದಲೆಳೆಯಷ್ಟು ಒಳಗೆ ಬಗ್ಗಿಸಿ. ಎಲ್‌ಇಡಿಯ ಬುಡದಲ್ಲಿ ಮಡಚಿದ ತಂತಿಗಳಿದ್ದರೆ ಅವನ್ನೂ ಚೂರು ಉಬ್ಬಿಸಿ, ಬಲ್ಬನ್ನು ತಳ ಮುಟ್ಟುವವರೆಗೆ ಒತ್ತಿ. ಆಮೇಲೆ ಲೈಟು ಹಾಕಿ, ಬಲ್ಬನ್ನು ಬೆರಳಿನಿಂದ ಅಲುಗಿಸಿ ನೋಡಿ. ಉರಿಯಲೇ ಇಲ್ಲವೆಂದರೆ ಮೊದಲು ಬಲ್ಬನ್ನು ಕಿತ್ತು ಹಿಂದುಮುಂದಾಗಿಸಿ ಹಾಕಿ: ಎಲ್‌ಇಡಿಗೆ ಪ್ಲಸ್, ಮೈನಸ್ ಉಂಟು, ಫಿಲಮೆಂಟಿಗೆ ಇರಲಿಲ್ಲ. ಇದನ್ನೂ ‘ಲೂಸ್’ ಎಂದೇ ಕರೆಯುವವರು ಬಹಳ. ಇಷ್ಟು ನೋಡಿದ ಮೇಲೆಯೇ ಹೋಲ್ಡರನ್ನು ಲ್ಯಾಂಪಿನೊಳಗೆ ಕೂರಿಸಿ.

ಸಂದಿಗೆ ಅಲ್ಯೂಮಿನಿಯಂ ಹಾಳೆ ತುರುಕುವ ಕೆಲಸ ಮಾತ್ರ ದಯವಿಟ್ಟು ಬೇಡ. ಅದು ಎರಡು ಪಟ್ಟಿಗಳನ್ನೂ ಮುಟ್ಟಿದರೆ ಫ್ಯೂಸು ಹೋಗುತ್ತದೆ. ಅಂಟು ಹಾಕಿದರೆ ಮುಂದಿನ ಸಲ ಬಲ್ಬಿನ ಜೊತೆ ಹೋಲ್ಡರೂ ಹೋಗುತ್ತದೆ.

ಇಂಡಿಕೇಟರಿನ ಪಿನ್ ಬಲ್ಬು ಬೆಣೆಯ ಜಾತಿಯದಲ್ಲ, ಒತ್ತಿ ತಿರುಗಿಸಬೇಕು. ಅಲ್ಲಿಯೂ ಬಿಎ15ಎಸ್ ಬುಡದ ಪಿನ್ನುಗಳು ಎದುರುಬದುರು, ಬಿಎಯು15ಎಸ್ ಬುಡದವು 150 ಡಿಗ್ರಿ ಅಂತರದಲ್ಲಿ. ಕೂರದಿದ್ದರೆ ಬಲ್ಬು ಬದಲಿಸಬೇಕೇ ಹೊರತು ಪಿನ್ನನ್ನು ಅರದಿಂದ ಉಜ್ಜಬಾರದು.